ಪ್ಲಗ್ ಬದಲಿಸಿದರೆ ಸಾಕೇ? ಇ20 ಪೆಟ್ರೋಲ್ ಮತ್ತು ಹಳೇ ಗಾಡಿಯ ಲೆಕ್ಕ

ಪೋತ್ನಾಳದ ಗ್ಯಾರೇಜೊಂದರಲ್ಲಿ ಹಳೇ ಮಾರುತಿ 800 ನಿಂತಿತ್ತು. ಕಾರ್ಬ್ಯುರೇಟರ್ ಕಾಲದ್ದು. ಚೋಕ್ ಎಳೆದು ನಾಲ್ಕು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನನ್ನ ಕೈಗಿಟ್ಟ: "ನೋಡ್ರಿ ಸರ್, ಪ್ಲಗ್ ಬೆಳ್ಳಗಾಗೇತಿ. ಪೆಟ್ರೋಲ್ ಸಾಲವಲ್ದು."

ಎಂಜಿನಿಯರಿಂಗ್ ಓದಿದವನಿಗೆ ಅರ್ಥ ಸರಳ. ಪ್ಲಗ್ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಾದರೆ ಗಾಳಿ ಹೆಚ್ಚು, ಬಿಸ್ಕೆಟ್ ಬಣ್ಣವಿದ್ದರೆ ಸರಿ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9 ಕೆ.ಜಿ. ಸಾಕು. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ಗ್ರಹಿಸಿ ಇಂಧನ ಹೆಚ್ಚಿಸುತ್ತೆ. ಕಾರ್ಬ್ಯುರೇಟರ್‌ನ ಜೆಟ್‌ಗೆ ಆ ಬುದ್ಧಿ ಇಲ್ಲ. ಜೊತೆಗೆ, ತಣ್ಣಗಿದ್ದಾಗ ಎಥನಾಲ್ ಸುಲಭವಾಗಿ ಆವಿಯಾಗಲ್ಲ. ಸವೆದ ಪ್ಲಗ್, ಎಲ್ಲೋ ಗಾಳಿ ಸೋರಿಕೆ ಕೂಡ ಕಾರಣ ಇರಬಹುದು. ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟೋದು ತಪ್ಪು. ಆದರೆ ಮೊದಲೇ ಸುಸ್ತಾದ ಗಾಡಿಗೆ ಇದು ಇನ್ನೊಂದು ಹೊರೆ.

"ಹಳೇ ಕಾರು ತಾನೇ, ಬಿಡಿ" ಅನ್ನಬೇಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬರುವವರೆಗೂ ನಮ್ಮ ಬಹುತೇಕ ಬೈಕುಗಳಲ್ಲಿ ಇದ್ದದ್ದು ಕಾರ್ಬ್ಯುರೇಟರೇ. ಹೊಲಕ್ಕೆ, ಸಂತೆಗೆ, ಕಾಲೇಜಿಗೆ ಹೋಗೋದು ಅವುಗಳ ಮೇಲೆಯೇ.

ಇ20 ಪೆಟ್ರೋಲ್‌ಗೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಲ್ಲೇ. 2030ಕ್ಕೆ ಇಟ್ಟಿದ್ದ ಗುರಿಯನ್ನು 2025ಕ್ಕೆ ಎಳೆದರು. ತೈಲ ಆಮದು ತಗ್ಗಬೇಕು, ಕಬ್ಬು-ಮೆಕ್ಕೆಜೋಳಕ್ಕೆ ಮಾರುಕಟ್ಟೆ ಸಿಗಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಆದರೆ ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳ ಮೈಲೇಜ್ 6-7%, ಬೈಕುಗಳದ್ದು 3-4% ಇಳಿಯಬಹುದು ಎಂದಿತ್ತು. ಅದಕ್ಕೆ ಪರಿಹಾರವಾಗಿ ಮಿಶ್ರಿತ ಪೆಟ್ರೋಲ್ ಅಗ್ಗವಾಗಿರಬೇಕು ಎಂದೂ ಹೇಳಿತ್ತು. ಮೈಲೇಜ್ ಇಳಿಯೋ ಮಾತು ನಿಜವಾಯ್ತು, ಅಗ್ಗದ ಮಾತು ಕಡತದಲ್ಲೇ ಉಳಿಯಿತು. ಎಥನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಮೆಕ್ಯಾನಿಕ್ ಹೊಸ ಪ್ಲಗ್ ಹಾಕಿ, ಫಿಲ್ಟರ್, ರಬ್ಬರ್ ಪೈಪ್ ಬದಲಿಸಿ, ಕಾರ್ಬ್ಯುರೇಟರ್ ಟ್ಯೂನ್ ಮಾಡಿದ. ಗಾಡಿ ಸ್ಟಾರ್ಟ್ ಆಯ್ತು. ಬಿಲ್ ಕಟ್ಟಿದ್ದು ಮಾತ್ರ ಗಾಡಿ ಮಾಲೀಕ.

ನೀತಿ ಇಡೀ ದೇಶದ್ದಾದರೆ ಅದರ ಖರ್ಚು ಬಡವನ ಗಾಡಿ ಮೇಲೆ ಯಾಕೆ? ಹೋರಾಟ ಎಥನಾಲ್ ವಿರುದ್ಧ ಬೇಡ. ಬಂಕಿನಲ್ಲಿ ಇ10 ಆಯ್ಕೆ ಕೊಡಿ, ಇಲ್ಲವೇ ಇ20 ದರ ಇಳಿಸಿ. ಕೇಳಬೇಕಾದದ್ದು ಇಷ್ಟೇ.