ಜೀಪಿನ ಶಾಫ್ಟೂ ಹಾಲಿನ ಲೆಕ್ಕಕ್ಕೆ ಸೇರಲಿ



ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಡಾಮರು ರಸ್ತೆ ಎಲ್ಲರ ಹಟ್ಟಿಯವರೆಗೆ ಬಂದಿಲ್ಲ. ಕೊಲ್ಲಮೊಗ್ರು, ಕಲ್ಮಕಾರು, ಮಡಪ್ಪಾಡಿಯಂಥ ಗುಡ್ಡೆ ಊರುಗಳಲ್ಲಿ ಮಳೆಗಾಲ ಬಂತೆಂದರೆ ಹಾಲಿನ ಕ್ಯಾನಿಗೂ ಹಿಂಡಿ ಗೋಣಿಗೂ ಹಳೆಯ ಫೋರ್‌ವ್ಹೀಲ್ ಜೀಪೇ ಗತಿ. 2022ರ ಆಗಸ್ಟ್ ಮೊದಲ ವಾರದ ಮಳೆಗೆ ಈ ಭಾಗದ ರಸ್ತೆ, ಸೇತುವೆಗಳು ಏನಾದವು ಎಂಬುದನ್ನು ಯಾರೂ ಮರೆತಿಲ್ಲ.

ಕಳೆದ ಆಟಿಯಲ್ಲಿ ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. ಉಪಕೇಂದ್ರದಿಂದ 19 ಮನೆಗಳ ಹಾಲು, 40 ಲೀಟರಿನ 6 ಕ್ಯಾನು, ಸಂಘದ ಬಲ್ಕ್ ಕೂಲರಿಗೆ ಹೊರಟಿತ್ತು. ದಾರಿಯಲ್ಲಿ ಜೀಪಿನ ಹಿಂದಿನ ಶಾಫ್ಟಿನ ಕ್ರಾಸ್ ತುಂಡಾಯಿತು. ಮುಂದಿನ ಶಾಫ್ಟ್ ಇದ್ದಿದ್ದರೆ ತುಂಡಾದದ್ದನ್ನು ಬಿಚ್ಚಿಟ್ಟು, ಫೋರ್‌ವ್ಹೀಲ್ ಹಾಕಿ, ಮುಂದಿನ ಚಕ್ರಗಳ ಬಲದಲ್ಲೇ ನಿಧಾನವಾಗಿ ಬರಬಹುದಿತ್ತು. ಆದರೆ ಅದನ್ನು ಮೂರು ವರ್ಷದ ಹಿಂದೆಯೇ ಬಿಚ್ಚಿ ಕೊಟ್ಟಿಗೆಯಲ್ಲಿ ಹಾಕಿದ್ದರು. ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ತಣಿಸಬೇಕೆಂಬುದು ನಮಗೆಲ್ಲ ಗೊತ್ತು. ಅಂದು ಹಾಲು ತಲುಪುವಾಗ ಮಧ್ಯಾಹ್ನ. ಕುದಿಸಿ ನೋಡಿದರೆ ಒಡೆಯಿತು. ಲೀಟರಿಗೆ 35 ರೂಪಾಯಿ ಹಿಡಿದರೂ 8,400 ರೂಪಾಯಿ ತೋಡಿಗೆ ಹೋಯಿತು.

ಎಲ್ಲರೂ ಜೀಪಿನವರನ್ನು ಬೈದೆವು. ಅವರು ಕೇಳಿದ್ದು ಇಷ್ಟೇ: "ಬಾಡಿಗೆ ಏರಿಸಿ ಎಷ್ಟು ವರ್ಷ ಆಯ್ತು ಮಾರಾಯ್ರೆ? ನಾನು ಟಯರ್ ಹಾಕುವುದೋ ಶಾಫ್ಟ್ ಹಾಕುವುದೋ?" ಯಾರಲ್ಲೂ ಉತ್ತರ ಇರಲಿಲ್ಲ.

"ವಾಹನ ಅವರದು, ರಿಪೇರಿಯೂ ಅವರದೇ" ಎನ್ನುವುದು ಲೆಕ್ಕಕ್ಕೆ ಸರಿ. ಆದರೆ ಹಾಲು ಹಾಳಾದರೆ ನಷ್ಟ ಬೀಳುವುದು ಸಂಘದ ತಲೆಗೆ, ಅಂದರೆ ನಮ್ಮೆಲ್ಲರ ಬೋನಸ್ಸಿಗೆ. ನಷ್ಟ ಹಂಚಿಕೊಳ್ಳುವವರು ಜಾಗ್ರತೆಯ ಖರ್ಚನ್ನೂ ಹಂಚಿಕೊಳ್ಳಬೇಡವೇ? ದೊಡ್ಡ ಉಪಕಾರವನ್ನೇನೂ ನಾನು ಕೇಳುತ್ತಿಲ್ಲ. ಹಾಲು ಸಾಗಿಸುವ ಜೀಪಿನ ಶಾಫ್ಟ್ ಬದಲಿಸಲು ಸಂಘ ಮೇ ತಿಂಗಳೊಳಗೆ ಮುಂಗಡ ಕೊಡಲಿ, ಬಾಡಿಗೆಯಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಲಿ. ಎರಡೂ ಶಾಫ್ಟ್ ಸುಸ್ಥಿತಿಯಲ್ಲಿರಬೇಕು ಎಂಬುದು ಸಾಗಾಟದ ಕರಾರಿನಲ್ಲಿ ಇರಲಿ. ಹಾಗೆ ಬರೆದ ಮೇಲೆ ಬಾಡಿಗೆಯನ್ನೂ ಅದಕ್ಕೆ ತಕ್ಕಂತೆ ನೋಡಬೇಕಾಗುತ್ತದೆ.

ಜೀಪಿನವರಿಗೂ ಎರಡು ಮಾತು. ಹಿಂದೆ ಮುಂದೆ ಗೇರ್ ಬದಲಿಸುವಾಗ 'ಕಟ್' ಎಂದರೆ, ಕ್ರಾಸಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ, ವೇಗದಲ್ಲಿ ಅಡಿ ನಡುಗಿದರೆ ಮಳೆ ಬರುವವರೆಗೆ ಕಾಯಬೇಡಿ. ಕ್ರಾಸ್ ಮಾತ್ರ ಸವೆದಿದ್ದರೆ ಅದನ್ನೇ ಬದಲಿಸಿದರೆ ಸಾಕು. ಪೈಪ್ ಬಗ್ಗಿದ್ದರೆ, ಜಾರುವ ಹಲ್ಲು ಸವೆದಿದ್ದರೆ ವೆಲ್ಡಿಂಗ್ ತೇಪೆ ಬೇಡ, ಶಾಫ್ಟನ್ನೇ ಬದಲಿಸಿ. ಗುಜರಿಯಿಂದ ತರುವುದಾದರೆ ಉದ್ದ ಅಳೆದು ತನ್ನಿ. ಉದ್ದವಾದದ್ದು ಬೇರಿಂಗನ್ನು ಗುದ್ದುತ್ತದೆ, ಗಿಡ್ಡವಾದದ್ದು ಕಳಚಿಕೊಳ್ಳುತ್ತದೆ. ಬಿಚ್ಚುವ ಮೊದಲು ಗುರುತು ಹಾಕಿ. ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಕೂರದಿದ್ದರೆ ನಡುಕ ಹೋಗುವುದಿಲ್ಲ. ಚಕ್ರಗಳಿಗೆ ಕಲ್ಲು ಕೊಡಲು ಮರೆಯಬೇಡಿ. ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಜೀಪು ನಿಲ್ಲುವುದಿಲ್ಲ, ಅಡಿಯಲ್ಲಿ ಮಲಗಿರುವವರು ನೀವು. ಕೆಸರು ದಾಟಿ ಒಣ ಡಾಮರಿಗೆ ಬಂದ ಕೂಡಲೇ ಫೋರ್‌ವ್ಹೀಲ್ ತೆಗೆಯಿರಿ. ಇಲ್ಲದಿದ್ದರೆ ಹೊಸ ಶಾಫ್ಟೂ ಬಾಳುವುದಿಲ್ಲ. ಮಳೆಗಾಲದಲ್ಲಿ ಆಗಾಗ ಗ್ರೀಸ್ ಹೊಡೆಸಿ.

ಸಂಘದ ಮುಂದಿನ ಸಭೆಯಲ್ಲಿ ದರ, ಬೋನಸ್ಸಿನ ಮಾತಿನ ಜತೆ ಈ ವಿಷಯವನ್ನೂ ಯಾರಾದರೊಬ್ಬರು ಎತ್ತಿ. ನಮ್ಮ ಸಂಘದಲ್ಲಿ ನಾನೇ ಎತ್ತುತ್ತೇನೆ. ದನ ಕೊಟ್ಟ ಹಾಲು ದಾರಿಯಲ್ಲಿ ಹಾಳಾದರೆ ಅದಕ್ಕೆ ಮಳೆಯನ್ನು ದೂರುವುದು ನ್ಯಾಯವಲ್ಲ.