ಬಿಳಿಸೆರಗು ಯಾರ ತಪ್ಪು?



ಕಳೆದ ತಿಂಗಳು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವಾಗ ಒಬ್ಬಾಕೆ ನನ್ನನ್ನು ಮೂಲೆಗೆ ಕರೆದಳು. ಆರು ತಿಂಗಳಿಂದ ವಾಸನೆಯ ಬಿಳಿಸೆರಗು, ಗಂಡನ ಜೊತೆ ಮಲಗಿದ ಮೇಲೆ ರಕ್ತ. ಗಂಡನಿಗೆ ಹೇಳಿದ್ದಕ್ಕೆ "ಎಲ್ಲಿಂದ ತಂದೆ ಇದನ್ನ?" ಎಂದು ಹೊಡೆದನಂತೆ. ಅತ್ತೆ, "ಅಪ್ಪನ ಮನೆಗೆ ಹೋಗಿ ವಾಸಿ ಮಾಡಿಸ್ಕೊಂಡು ಬಾ, ಬರುವಾಗ ಬಾಕಿ ದುಡ್ಡನ್ನೂ ತಾ" ಎಂದಳಂತೆ. ಸೊಸೆಯ ಕಾಯಿಲೆಯಲ್ಲೂ ವರದಕ್ಷಿಣೆಯ ಬಾಕಿ ಮರೆಯುವುದಿಲ್ಲ ನೋಡಿ!

ಆಕೆ ಕೇಳಿದ್ದು ಒಂದೇ: "ಅಕ್ಕಾ, ಇದು ನನ್ನ ತಪ್ಪಾ?"

ಖಂಡಿತ ಅಲ್ಲ. ಯೋನಿಯಲ್ಲಿ ಸೂಕ್ಷ್ಮಜೀವಿಗಳಿರುವುದು ಕೊಳಕಲ್ಲ. ಹಾಲನ್ನು ಮೊಸರು ಮಾಡುವ ಬಳಗಕ್ಕೇ ಸೇರಿದ ಲ್ಯಾಕ್ಟೋಬ್ಯಾಸಿಲಸ್ ಎಂಬ ಜೀವಿಗಳು ಅಲ್ಲಿ ಹುಳಿ ಹುಟ್ಟಿಸಿ, ರೋಗಾಣುಗಳು ಬೆಳೆಯದಂತೆ ಕಾಯುತ್ತವೆ. ಜರ್ಮನಿಯ ವೈದ್ಯ ಡೋಡರ್ಲೈನ್ 1892ರಲ್ಲೇ ಇದನ್ನು ಬರೆದಿದ್ದ. (ಹಾಗೆಂದು ಮೊಸರು ಹಚ್ಚಿಕೊಳ್ಳಬೇಡಿ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವುದೂ ಬೇಡ, ಕಾವಲಿನವೇ ಕೊಚ್ಚಿಹೋಗುತ್ತವೆ.) ಈ ಕಾವಲು ಕುಗ್ಗಿದಾಗ ಗಾರ್ಡ್ನೆರೆಲ್ಲಾದಂಥವು ಹೆಚ್ಚಿ ಮೀನಿನ ವಾಸನೆ ಬರುತ್ತದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇರುವ ಹೆಂಗಸರ ಸ್ರಾವ ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ ಕಾವಲಿನ ಜೀವಿಗಳು ಕಡಿಮೆ, ಇಂಥವು ಹೆಚ್ಚು ಕಂಡಿವೆ. ಆದರೆ ಕ್ಯಾನ್ಸರಿನ ಮೂಲ ಇವಲ್ಲ, ಎಚ್.ಪಿ.ವಿ. ಎಂಬ ವೈರಸ್. ಅದನ್ನು ಕಂಡುಹಿಡಿದ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಕಾವಲು ಕುಗ್ಗಿದ ಕಡೆ ಈ ವೈರಸ್ ಹೋಗದೆ ನಿಲ್ಲುವ ಸಂಭವ ಹೆಚ್ಚು. ಗೆಡ್ಡೆ ಬೆಳೆದ ಮೇಲೆ ಅದೇ ಕಾವಲನ್ನು ಕೆಡಿಸುವುದೂ ಉಂಟು.

ವೈರಸ್ ಹರಡುವುದು ದೇಹಸಂಪರ್ಕದಿಂದ. ಬಹುಪಾಲು ಹೆಂಗಸರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತು ಹದಿನೈದು ವರ್ಷಗಳ ನಂತರ ಕ್ಯಾನ್ಸರಾಗಿ ತೋರುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಗುರುತೇ ಇರುವುದಿಲ್ಲ. ಯಾವಾಗ, ಯಾರಿಂದ ಬಂತೆಂದು ಯಾವ ಡಾಕ್ಟರೂ ಹೇಳಲಾರರು. ಹೀಗಿರುವಾಗ ಹೆಂಡತಿಯ ನಡತೆಯ ಮಾತೇಕೆ? ಬೇಡವೆನ್ನುವ, ನಿರೋಧ್ ಬಳಸೆನ್ನುವ ಅವಕಾಶವೇ ಇಲ್ಲದವಳನ್ನು ತಪ್ಪಿತಸ್ಥೆ ಮಾಡುವುದು ಯಾವ ನ್ಯಾಯ?

2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80,000 ಮಂದಿ ಸತ್ತರು. ಪತ್ತೆಗೆ ದೊಡ್ಡ ಯಂತ್ರವೇನೂ ಬೇಡ. ಗರ್ಭಕೋಶದ ಬಾಯಿಗೆ ವಿನಿಗರಿನಂಥ ಹುಳಿ ದ್ರಾವಣ ಹಚ್ಚಿ ಒಂದು ನಿಮಿಷ ಕಾದರೆ, ಕೆಟ್ಟ ಜಾಗ ಬಿಳಿಚಿಕೊಳ್ಳುತ್ತದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದ್ದರಿಂದ ಸಾವು ಶೇಕಡ 31ರಷ್ಟು ಇಳಿಯಿತು. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಸರ್ಕಾರವೇ 2016ರಲ್ಲಿ ಹೇಳಿದೆ. ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆಯೇ? ನಾಲ್ಕು ಜನ ಒಟ್ಟಾಗಿ ಹೋಗಿ ಕೇಳಿ. ಕೂಡಿದ ಮೇಲೆ, ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಆಕೆಯನ್ನು ಮಾರನೇ ದಿನ ಸಂಘದವರೇ ಕರೆದೊಯ್ದರು. ಸೋಂಕಿಗೆ ಮಾತ್ರೆ ಕೊಟ್ಟಿದ್ದಾರೆ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಬಸ್ ಚಾರ್ಜನ್ನು ಆಕೆಯ ಹೆಸರಿಗೆ ಸಾಲವೆಂದು ಬರೆಯಲು ಹೊರಟಾಗ ಉಳಿದವರು ಬೇಡವೆಂದರು. ವರದಿ ಬರುವ ದಿನ ಜೊತೆಗೆ ಹೋಗಲು ಮೂವರು ಹೆಸರು ಕೊಟ್ಟಿದ್ದಾರೆ, ತಾವೂ ಪರೀಕ್ಷೆ ಮಾಡಿಸಿಕೊಳ್ಳುತ್ತಾರಂತೆ.