ಕಂಪ್ಯೂಟರ್ ಬಿಡಿಸಿದ್ದಲ್ಲ ರೀ, ಹುಡುಗಿ ಬಿಡಿಸಿದ್ದು

ಜೇಬಿನಲ್ಲಿ ಇಪ್ಪತ್ತರ ಹೊಸ ನೋಟಿದ್ದರೆ ಒಮ್ಮೆ ತೆಗೆದು ನೋಡಿ. 2019ರಲ್ಲಿ ಬಂದ ಹಸಿರು-ಹಳದಿ ನೋಟು. ಅದರ ಹಿಂದೆ ಎಲ್ಲೋರಾ ಇದೆ, ನಮ್ಮ ರಾಷ್ಟ್ರಕೂಟರ ಎಲ್ಲೋರಾ. ಐವತ್ತರದ್ದಿದ್ದರೆ ಇನ್ನೂ ಸಂತೋಷ, ಅದರ ಹಿಂದೆ ಹಂಪಿಯ ಕಲ್ಲಿನ ರಥ. ಆದರೆ ನಾನು ನೋಡಿ ಅಂದದ್ದು ಅವನ್ನಲ್ಲ. ಆ ಚಿತ್ರಗಳ ಸುತ್ತಮುತ್ತ, ಹಿನ್ನೆಲೆಯಲ್ಲಿ, ಕೂದಲಿಗಿಂತ ಸಣ್ಣ ಗೆರೆಗಳು ಒಂದರೊಳಗೊಂದು ಹೆಣೆದುಕೊಂಡು ಹೋಗಿವೆಯಲ್ಲ, ಅದನ್ನು. ಬರಿಗಣ್ಣಿಗೆ ಬಣ್ಣದ ಮಬ್ಬು ಅಷ್ಟೇ. ಭೂತಗನ್ನಡಿ ಹಿಡಿದರೆ ಒಂದು ಗೆರೆಯೂ ದಾರಿ ತಪ್ಪಿಲ್ಲ.

ಮೂವತ್ತು ವರ್ಷದ ಹತ್ತಿರ ಬ್ಯಾಂಕಿನಲ್ಲಿ ನೋಟು ಎಣಿಸಿದ್ದೇನೆ, ಎಣಿಸಿದವರ ಮೇಲೆ ಸಹಿ ಹಾಕಿದ್ದೇನೆ. ಖೋಟಾ ನೋಟಿನ ಅನುಮಾನ ಬಂದಾಗ ಕ್ಯಾಶಿಯರ್ ಗಾಂಧೀಜಿಯ ಮುಖ ನೋಡುತ್ತಾನೆ, ದಾರ ನೋಡುತ್ತಾನೆ. ನಾನು ಈ ಗೆರೆಗಳನ್ನು ನೋಡುತ್ತೇನೆ. ಸ್ಕ್ಯಾನರಿನಲ್ಲಿ ಕದ್ದ ನೋಟಿನಲ್ಲಿ ಇವು ಚುಕ್ಕಿ ಚುಕ್ಕಿಯಾಗಿ ಒಡೆದುಹೋಗಿರುತ್ತವೆ.

ಈ ಕೆಲಸಕ್ಕೆ ಗಿಲೋಶ್ ಅಂತ ಫ್ರೆಂಚ್ ಹೆಸರು. ಇದನ್ನು ಯಾವ ಚಿತ್ರಕಾರನೂ ಕೈಯಲ್ಲಿ ಎಳೆದದ್ದಲ್ಲ. ಲೆಕ್ಕ ಎಳೆದದ್ದು. ಹೇಗೆ ಅಂತ ಹೇಳುತ್ತೇನೆ, ನಿಮ್ಮ ಮಕ್ಕಳ ಹಳೆಯ ಆಟಿಕೆಗಳ ಡಬ್ಬಿಯಲ್ಲಿ ಸ್ಪೈರೋಗ್ರಾಫ್ ಇದ್ದರೆ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಉಂಗುರ, ಒಳಗಡೆ 96 ಹಲ್ಲು. ಅದರೊಳಗೆ ಉರುಳುವ ಚಿಕ್ಕ ಚಕ್ರ, ಅದಕ್ಕೆ 36 ಹಲ್ಲು. ಚಕ್ರದ ತೂತಿನಲ್ಲಿ ಪೆನ್ನಿನ ತುದಿಯಿಟ್ಟು ಉರುಳಿಸಿದರೆ ಮೂರು ಸುತ್ತಿಗೆ ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ, 8 ಎಸಳಿನ ಹೂವಾಗುತ್ತದೆ. ಈಗ 36ರ ಬದಲು 35 ಹಲ್ಲಿನ ಚಕ್ರ ಇಡಿ. ಕಡಿಮೆಯಾದದ್ದು ಒಂದೇ ಹಲ್ಲು. ಆದರೆ ಗೆರೆ ಮನೆಗೆ ಮರಳಲು 35 ಸುತ್ತು ಬೇಕು, ಎಸಳು 96! ಹೂವು ಹೋಗಿ ಜಾಲರಿ ಬಂತು. ಏಳನೇ ಇಯತ್ತೆಯಲ್ಲಿ ನಾವೆಲ್ಲ ಶಾಪ ಹಾಕುತ್ತಾ ಕಲಿತ ಮ.ಸಾ.ಅ. ಇದೆಯಲ್ಲ, ಅದರದ್ದೇ ಆಟ. 96 ಮತ್ತು 36ರ ಮ.ಸಾ.ಅ. 12, 96 ಮತ್ತು 35ರದ್ದು 1. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಹಲ್ಲಿನ ಚಕ್ರಗಳ ಯಂತ್ರವಿಟ್ಟೇ ಲೋಹದ ಮೇಲೆ ನೋಟಿನ ಗೆರೆ ಕೊರೆಯುತ್ತಿದ್ದರು. ಹಲ್ಲಿನ ಲೆಕ್ಕ ಗೊತ್ತಿಲ್ಲದ ಕಳ್ಳನಿಗೆ ನಕಲು ಮಾಡುವುದು ಬಲು ಕಷ್ಟ. ಆಮೇಲೆ ಚಕ್ರಗಳ ಜಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬಂತು. ಲೆಕ್ಕ ಅದೇ.

ನಾನಿರುವ ಊರು ನಾಸಿಕ್. ಇಲ್ಲಿಯ ನಾಸಿಕ್ ರೋಡಿನಲ್ಲಿ 1928ರಿಂದ ನೋಟು ಅಚ್ಚಾಗುತ್ತಿದೆ, ಭಾರತದಲ್ಲಿ ನೋಟು ಮುದ್ರಣ ಶುರುವಾದದ್ದೇ ಇಲ್ಲಿ. ಆಮೇಲೆ ನಮ್ಮ ಮೈಸೂರಿನಲ್ಲೂ ಶುರುವಾಯಿತು. ಅಂದರೆ ನಾನು ಬಿಟ್ಟು ಬಂದ ರಾಜ್ಯದಲ್ಲೂ, ಬಂದು ಸೇರಿದ ಊರಲ್ಲೂ ಲೆಕ್ಕದಿಂದ ಚಿತ್ರ ಬಿಡಿಸುವ ಕಾರ್ಖಾನೆಗಳಿವೆ. ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಇದೇ ನಾಸಿಕ್ಕಿನಲ್ಲಿ ಕಳೆದ ಗಣೇಶೋತ್ಸವಕ್ಕೆ ನಮ್ಮ ಸೊಸೈಟಿಯ ಚಿತ್ರ-ರಂಗೋಲಿ ಸ್ಪರ್ಧೆಯಲ್ಲಿ ಒಂದು ಹಾಳೆಯನ್ನು "ಹೇ ಕಂಪ್ಯೂಟರ್‌ನೇ ಕಾಢಲಂಯ" ಅಂತ ಪಕ್ಕಕ್ಕಿಟ್ಟರು. ಇದು ಕಂಪ್ಯೂಟರ್ ಬಿಡಿಸಿದ್ದು, ಸ್ಪರ್ಧೆಗೆ ಲೆಕ್ಕವಿಲ್ಲ.

ಹಾಳೆ ನಮ್ಮ ಎದುರು ಮನೆಯ ಹುಡುಗಿಯದ್ದು. ಹನ್ನೊಂದನೇ ಇಯತ್ತೆ. ದೊಡ್ಡ ಹಾಳೆಯ ಮೇಲೆ ಚುಕ್ಕಿ ರಂಗೋಲಿ, ಬಿಳಿ ಗೆರೆ, ಕೆಮ್ಮಣ್ಣಿನ ಬಣ್ಣದ ನೆಲ. ಪಿ-ಫೈವ್ ಜೆಎಸ್ ಎಂಬ ಪುಕ್ಕಟೆ ಸಿಗುವ ತಂತ್ರಾಂಶದಲ್ಲಿ ಪ್ರೋಗ್ರಾಂ ಬರೆದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಳು. ಮೇಲಿನ ಸಾಲುಗಳಲ್ಲಿ ಗೆರೆ ಗಟ್ಟಿಯಾಗಿ, ನೆಟ್ಟಗಿತ್ತು. ಕೆಳಗೆ ಬರುತ್ತಾ ಬರುತ್ತಾ ಅಲುಗಾಡುತ್ತಿತ್ತು. ಇದ್ಯಾಕೆ ಹೀಗೆ ಅಂತ ಕೇಳಿದೆ. "ಕಾಕಾ, ಆಜಿ ಹಾಕೋದು ಹಾಗೇ. ಶುರುವಿನಲ್ಲಿ ಚೆನ್ನಾಗಿರುತ್ತೆ. ಕೊನೆಗೆ ಸೊಂಟ ನೋವು ಬಂದು ಕೈ ನಡುಗುತ್ತೆ" ಅಂದಳು. ಒಂದೊಂದು ಸಾಲು ಇಳಿದಂತೆ ನಡುಕ ಎಷ್ಟು ಹೆಚ್ಚಬೇಕು ಅನ್ನುವುದಕ್ಕೆ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ಇಟ್ಟಿದ್ದಾಳೆ. ಜಾಸ್ತಿ ಇಟ್ಟರೆ ಕುಡುಕ ಹಾಕಿದ ಹಾಗಾಗುತ್ತದೆ, ಕಮ್ಮಿ ಇಟ್ಟರೆ ಬಾತ್‌ರೂಮಿನ ಟೈಲ್ಸು. ನಲವತ್ತೋ ಐವತ್ತೋ ಸಲ ಬದಲಾಯಿಸಿ, ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಇದೇ ನನ್ನ ಕೈ ಅಂತ ಆಕೆ ಒಪ್ಪಿದ ಮೇಲೆ ಪ್ರಿಂಟ್ ತೆಗೆಸಿದ್ದಂತೆ.

ಇದು ಕಂಪ್ಯೂಟರ್ ಬಿಡಿಸಿದ್ದಾ? ನೀವೇ ಹೇಳಿ.

ತೀರ್ಪು ಕೊಟ್ಟವರನ್ನು ನಾನು ದೂರುವುದಿಲ್ಲ, ಈ ಜಗಳ ಹಳೆಯದು. 1965ರ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಜಾರ್ಜ್ ನೀಸ್ ಎಂಬಾತ ಕಂಪ್ಯೂಟರ್ ಚಿತ್ರಗಳ ಪ್ರದರ್ಶನ ಇಟ್ಟ. ಸೀಮೆನ್ಸ್ ಕಂಪನಿಯ ನೌಕರ. ಬಂದಿದ್ದ ಕಲಾವಿದರಿಗೆ ಸಿಟ್ಟು ಬಂತು. ಅವರನ್ನು ಸಮಾಧಾನ ಮಾಡಲು ಪ್ರದರ್ಶನ ಏರ್ಪಡಿಸಿದ್ದ ಪ್ರೊಫೆಸರ್ ಮ್ಯಾಕ್ಸ್ ಬೆನ್ಸೆ, ಇದು ಬರೀ 'ಕೃತಕ ಕಲೆ' ಅಂತ ಹೊಸ ಹೆಸರಿಡಬೇಕಾಯಿತು. ಅದೇ ನೀಸ್ ಆಮೇಲೆ ಮಾಡಿದ ಒಂದು ಚಿತ್ರ ಬಹಳ ಹೆಸರಾಯಿತು. ಅಡ್ಡ 12, ಉದ್ದ 22 ಚೌಕಗಳು. ಮೇಲೆ ಅಚ್ಚುಕಟ್ಟು, ಕೆಳಗಿಳಿದಂತೆ ಒಂದೊಂದೇ ಸಡಿಲಗೊಂಡು ಜಲ್ಲಿಕಲ್ಲಿನ ರಾಶಿಯಂತೆ ಬೀಳುತ್ತವೆ. ಎದುರು ಮನೆ ಹುಡುಗಿಗೆ ಇದು ಗೊತ್ತೇ ಇರಲಿಲ್ಲ, ನಾನು ತೋರಿಸಿದೆ. "ಇವರ ಆಜಿನೂ ರಂಗೋಲಿ ಹಾಕ್ತಿದ್ರಾ ಕಾಕಾ?" ಅಂದಳು!

ಇನ್ನೊಬ್ಬಾಕೆ ವೇರಾ ಮೋಲ್ನಾರ್. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದವಳು, ಅಂದರೆ ನನ್ನ ಹಾಗೆ ವಲಸೆಗಾರ್ತಿ. ಆಕೆಗೆ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಆದರೆ ಅದಕ್ಕೂ ಸುಮಾರು ಹತ್ತು ವರ್ಷ ಮುಂಚೆಯೇ ಆಕೆ ನಿಯಮ ಬರೆದುಕೊಂಡು, ಆ ನಿಯಮದ ಪ್ರಕಾರ ಒಂದೊಂದೇ ಹೆಜ್ಜೆ ಕೈಯಲ್ಲೇ ಗೆರೆ ಎಳೆಯುತ್ತಿದ್ದಳು. ಅದಕ್ಕೆ 'ಕಾಲ್ಪನಿಕ ಯಂತ್ರ' ಅಂತ ಹೆಸರಿಟ್ಟಿದ್ದಳು. 2023ರ ಡಿಸೆಂಬರಿನಲ್ಲಿ, ತೊಂಬತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಕೈಯಲ್ಲಿ ಎಳೆದಾಗ ಕಲೆ, ಅದೇ ನಿಯಮವನ್ನು ಯಂತ್ರಕ್ಕೆ ಒಪ್ಪಿಸಿದಾಗ ಕಲೆಯಲ್ಲ ಅಂದರೆ ಆಕೆಯ ಬದುಕಿನ ಯಾವ ತಾರೀಖಿಗೆ ಗೆರೆ ಹಾಕುತ್ತೀರಿ?

ಪರದೇಶದ ಮಾತು ಬಿಡಿ. ನಮ್ಮ ಅವ್ವ ಗದಗಿನ ಕಡೆಯವಳು, ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ. ಅಂಗಳದಲ್ಲಿ ಅಕ್ಕನಿಗೆ ರಂಗೋಲಿ ಹೇಳಿಕೊಡುವಾಗ "ಹದಿನೈದು ಚುಕ್ಕಿ, ಎಂಟಕ್ಕ ನಿಂದ್ರಸು, ಸಂದು ಚುಕ್ಕಿ" ಅನ್ನುತ್ತಿದ್ದಳು. ಅಷ್ಟೇ. ನಡುವಿನ ಸಾಲಿನಲ್ಲಿ 15, ಮೇಲೆ ಕೆಳಗೆ ಒಂದೊಂದು ಕಡಿಮೆಯಾಗುತ್ತಾ 8ರ ತನಕ. ಕೂಡಿ ನೋಡಿ, 169 ಚುಕ್ಕಿ. ಒಂದೇ ಸಾಲಿನ ಮಾತಿನಲ್ಲಿ 169 ಚುಕ್ಕಿ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು. ಇದು ಪ್ರೋಗ್ರಾಂ ಅಲ್ಲದಿದ್ದರೆ ಇನ್ಯಾವುದು? ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೋಮನಿಯವರು, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರೊಡನೆ ಸೇರಿ 1974ರಲ್ಲೇ ಕೋಲಂಗೆ ವ್ಯಾಕರಣ ಬರೆದು, ಕಂಪ್ಯೂಟರ್ ಚಿತ್ರಗಳ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ್ದರು.

ಕಸೂತಿ ಇನ್ನೂ ಒಂದು ಕೈ ಮೇಲು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬಿಕೊಂಡು ಹೋಗುವುದು, ಬರುವಾಗ ಬಿಟ್ಟ ಮನೆ ತುಂಬಿಕೊಂಡು ಬರುವುದು. ಎಲ್ಲೂ ಗಂಟು ಕಾಣಬಾರದು, ಸೀರೆಯ ಮುಂದೂ ಹಿಂದೂ ಒಂದೇ ಥರ ಇರಬೇಕು. ಗೋಪುರದ ಚಿತ್ರದಲ್ಲಿ ಗೆರೆ ಕವಲೊಡೆದರೆ? ಕವಲಿನ ತುದಿ ಮುಟ್ಟಿ, ಬಂದ ದಾರಿಯಲ್ಲೇ ವಾಪಸ್ಸಾಗಿ, ಆಮೇಲೆ ಮುಂದಿನ ದಾರಿ. ಪ್ರತಿ ಗೆರೆಯ ಮೇಲೂ ಸೂಜಿ ಸರಿಯಾಗಿ ಎರಡೇ ಸಲ. ಕಂಪ್ಯೂಟರ್ ಸೈನ್ಸ್ ಓದುವ ನನ್ನ ಅಣ್ಣನ ಮಗ ಇದನ್ನು ಕೇಳಿ, ಡೆಪ್ತ್-ಫಸ್ಟ್ ಅಂತ ನಮಗೆ ಮೂರನೇ ಸೆಮಿಸ್ಟರಿನಲ್ಲಿ ಕಲಿಸಿದ್ದು ಇದನ್ನೇ ಅಂದ. ಅವ್ವ ಅದನ್ನು ಹರಟೆ ಹೊಡೆಯುತ್ತಾ ಮಾಡುತ್ತಿದ್ದಳು.

ನಾಸಿಕ್ಕಿಗೆ ಬರುವ ಮುಂಚೆ ನಾಲ್ಕು ವರ್ಷ ನನ್ನ ಪೋಸ್ಟಿಂಗ್ ಔರಂಗಾಬಾದಿನಲ್ಲಿತ್ತು. 2023ರಿಂದ ಅದು ಛತ್ರಪತಿ ಸಂಭಾಜಿನಗರ. ಅಲ್ಲಿ ಹಿಮ್ರೂ ಶಾಲು ನೇಯುವುದನ್ನು ನೋಡಲು ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದೆ. ಬೀಬಿ ಕಾ ಮಕ್ಬರಾ, ಎಲ್ಲೋರಾ, ಹಿಮ್ರೂ, ಇದು ನಮ್ಮ ಖಾಯಂ ರೂಟು. ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ತೂಗುತ್ತಿರುತ್ತದೆ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಹೂವು ಬಟ್ಟೆಯಲ್ಲಿ ಮೂಡುವ ಮೊದಲು ರಟ್ಟಿನಲ್ಲಿ ಮೂಡಿರುತ್ತದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಾಡಿದ ಈ ಉಪಾಯವನ್ನು ನೋಡಿಯೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ರಟ್ಟು ಬೇಕು ಅಂದದ್ದು. ಜಕಾರ್ಡನ ಮುಖವನ್ನೇ ಸುಮಾರು 24,000 ರಟ್ಟು ಬಳಸಿ ರೇಷ್ಮೆಯಲ್ಲಿ ನೇಯ್ದ ಚಿತ್ರವೊಂದು ಅವನ ಹತ್ತಿರ ಇತ್ತು. ಅಂದಮೇಲೆ ಪ್ರೋಗ್ರಾಮಿನಿಂದ ಚಿತ್ರ ಬರುವುದು ಏನು ಹೊಸತು? ಕಂಪ್ಯೂಟರಿಗೆ ರಟ್ಟಿನ ಬುದ್ಧಿ ಬಂದದ್ದೇ ಚಿತ್ರ ನೇಯುವ ಮಗ್ಗದಿಂದ.

ಅಲ್ಲಿಂದ ಐವತ್ತು ಕಿಲೋಮೀಟರಿನಾಚೆ ಗೋದಾವರಿ ದಂಡೆಯ ಪೈಠಣ. ಪೈಠಣಿ ಸೀರೆಯ ಸೆರಗಿನಲ್ಲಿ ಬಣ್ಣಕ್ಕೊಂದು ಕಂಡಿಕೆ ಹಿಡಿದು, ಎಳೆ ಎಣಿಸಿ, ಕೈಯಲ್ಲೇ ನವಿಲು ಕೂರಿಸುತ್ತಾರೆ. ಅದೂ ಗವಂತಿಯ ಹಾಗೆ, ಎರಡೂ ಕಡೆ ಒಂದೇ ಅಂದ. ನಮ್ಮ ನಾಸಿಕ್ ಜಿಲ್ಲೆಯ ಯೇವಲೆಯಲ್ಲೂ ಮನೆ ಮನೆಯಲ್ಲಿ ಇದೇ ಕೆಲಸ. ಅಲ್ಲಿಯ ನೇಕಾರರು ನನ್ನ ಮಾತು ಕೇಳಿದರೆ ಒಂದು ಪ್ರಶ್ನೆ ಕೇಳುವುದು ಖಂಡಿತ: ಸಾಹೇಬ್ರೇ, ನಮ್ಮ ಬಂಗಡಿ ಮೋರ್ ನವಿಲನ್ನು ಕಂಪ್ಯೂಟರಿಗೆ ಹಾಕಿ, ಪವರ್‌ಲೂಮಿನಲ್ಲಿ ನೇಯ್ದು, ಕೈಮಗ್ಗದ ಪೈಠಣಿ ಅಂತ ಮಾರುತ್ತಾರಲ್ಲ, ಅದೂ ಕಲೆಯೇನು? ಅಲ್ಲ. ಅದು ಮೋಸ. ಅಲ್ಲಿ ಕಂಪ್ಯೂಟರಿಗೆ ಕೊಟ್ಟಿರುವುದು ಹೊಸ ನಿಯಮವನ್ನಲ್ಲ, ಇನ್ನೊಬ್ಬನ ನವಿಲನ್ನು. ಅದರ ಮೇಲೆ ಸುಳ್ಳು ಚೀಟಿ ಬೇರೆ. ಖೋಟಾ ನೋಟಿಗೂ ಅದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಈಗಿನ ಎಐ ಚಿತ್ರಗಳ ಬಗ್ಗೆಯೂ ಕೇಳುತ್ತೀರಿ, ಗೊತ್ತು. "ಮಳೆಯಲ್ಲಿ ರಂಗೋಲಿ ಹಾಕುವ ಅಜ್ಜಿ" ಅಂತ ಒಂದು ಸಾಲು ಟೈಪ್ ಮಾಡಿದರೆ ಅರೆನಿಮಿಷದಲ್ಲಿ ಚಿತ್ರ. ಚೆಂದವೂ ಇರುತ್ತದೆ. ಆದರೆ ಈ ಗೆರೆ ಯಾಕೆ ಇಲ್ಲೇ ಬಂತು ಅಂತ ಕೇಳಿದರೆ ಟೈಪ್ ಮಾಡಿದವರಿಗೆ ಉತ್ತರ ಗೊತ್ತಿಲ್ಲ. ಎದುರು ಮನೆ ಹುಡುಗಿಗೆ ಗೊತ್ತಿದೆ, ಏಳನೇ ಸಾಲಿನಲ್ಲಿ ನಡುಕ ಎಷ್ಟು, ಹನ್ನೆರಡನೇ ಸಾಲಿನಲ್ಲಿ ಎಷ್ಟು, ಯಾಕೆ. ಸ್ಪರ್ಧೆಯಲ್ಲಿದ್ದವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿಬಿಟ್ಟರು, ನನ್ನ ತಕರಾರು ಅಲ್ಲೇ. ಹಾಗಂತ ಪ್ರೋಗ್ರಾಂ ಬರೆದವರೆಲ್ಲ ಕಲಾವಿದರು ಅಂತಲೂ ನಾನು ಹೇಳುವುದಿಲ್ಲ. ಗರಗರ ತಿರುಗುವ ಬಣ್ಣದ ಸುರುಳಿಗಳನ್ನು ಮಾಡಿ ಇದು ಕಲೆ ಅನ್ನುವವರು ಬೇಕಾದಷ್ಟಿದ್ದಾರೆ. ನೋಡಿ ನೋಡಿ ಕಣ್ಣು ನೋಯುತ್ತದೆ. ಯಂತ್ರ ನೂರು ಕೊಡುತ್ತದೆ, ತೊಂಬತ್ತೊಂಬತ್ತನ್ನು ಬಿಸಾಕುವ ಕಣ್ಣು ಬೇಕು. ಆ ಕಣ್ಣಿಗೇ ಬಹುಮಾನ ಕೊಡಬೇಕಾದದ್ದು.

ಮಹಾರಾಷ್ಟ್ರದಲ್ಲಿ ಶಾಲೆಯ ಮಕ್ಕಳಿಗೆ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಎರಡು ಚಿತ್ರಕಲಾ ಪರೀಕ್ಷೆಗಳಿವೆ. ಕರ್ನಾಟಕದವರಿಗೆ ಲೋವರ್, ಹೈಯರ್ ಇದ್ದ ಹಾಗೆ. ನನ್ನ ಮಗನೂ ಬರೆದಿದ್ದ. ಅದರಲ್ಲಿ ಡಿಸೈನ್ ಅಂತ ಒಂದು ಪೇಪರ್, ಜ್ಯಾಮಿತಿಗೆ ಇನ್ನೊಂದು. ಜ್ಯಾಮಿತಿಗೆ ಸ್ಕೇಲು, ಕೈವಾರ, ಮೂಲೆಮಟ್ಟ ಎಲ್ಲ ಒಳಗೆ ತೆಗೆದುಕೊಂಡು ಹೋಗಬಹುದು. ಕೈವಾರ ಎಳೆದ ವೃತ್ತವನ್ನು ಯಾರೂ ಇದು ಕೈವಾರದ್ದು, ನಿನ್ನದಲ್ಲ ಅಂತ ಹೊಡೆದು ಹಾಕುವುದಿಲ್ಲ. ಡಿಸೈನ್ ಪೇಪರಿನಲ್ಲಿ ಒಂದು ಪ್ರಶ್ನೆಯನ್ನಾದರೂ ನಿಯಮ ಬರೆದು ಚಿತ್ರ ತೆಗೆಯುವುದಕ್ಕೆ ಇಡಲಿ. ಕಂಪ್ಯೂಟರ್ ಇಲ್ಲದ ಶಾಲೆಯಾದರೆ ಚೌಕಳಿ ಕಾಗದ ಸಾಕು, ಅವ್ವನಿಗೆ ಅದೂ ಇರಲಿಲ್ಲ. ನಮ್ಮ ಸೊಸೈಟಿಯ ಕಮಿಟಿಗೆ ಮುಂದಿನ ವರ್ಷದ ಸ್ಪರ್ಧೆಯ ಬಗ್ಗೆ ಒಂದು ಅರ್ಜಿ ಬರೆದು ಕೊಟ್ಟಿದ್ದೇನೆ: ಪ್ರೋಗ್ರಾಂ ಮಾಡಿದ ಚಿತ್ರಗಳೂ ಅದೇ ಸಾಲಿನಲ್ಲಿ ನಿಲ್ಲಲಿ, ಆದರೆ ಚಿತ್ರದ ಪಕ್ಕದಲ್ಲಿ ಅದರ ನಿಯಮವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ನಾಲ್ಕು ಸಾಲು ಬರೆದು ಅಂಟಿಸಬೇಕು ಅಂತ. ಸೆಕ್ರೆಟರಿ ತೆಗೆದುಕೊಂಡು, "ರಾವ್‌ಸಾಹೇಬ್, ಮೀಟಿಂಗಿನಲ್ಲಿ ಇಡುತ್ತೇನೆ" ಅಂದಿದ್ದಾರೆ. ಮೀಟಿಂಗ್ ಇನ್ನೂ ಆಗಿಲ್ಲ.